ಮೋಟಾರಿನ ಹಿಂದಿನ ಧಾರೆ

ನನ್ನ ದೋಣಿಯ ಮೋಟಾರು ಸುಟ್ಟುಹೋದದ್ದು ನನ್ನಿಂದಲೇ ಎಂದು ಯಾರಾದರೂ ನಿಮಗೆ ಹೇಳಿದರೆ ನಂಬಬೇಡಿ. ಹಾಗೆ ಹೇಳಿಕೊಂಡು ತಿರುಗುವವರು ಮೂವರಿದ್ದಾರೆ. ಒಬ್ಬಳು ನನ್ನ ಹೆಂಡತಿ, ಇನ್ನೊಬ್ಬ ಅವಳ ತಮ್ಮ, ಮೂರನೆಯವರು ರಿಟೈರಾದ ಮೇಷ್ಟ್ರು. ಮೂವರೂ ನನ್ನ ದೋಣಿಯಲ್ಲಿ ಬಿಟ್ಟಿ ಓಡಾಡುವವರು. ಟಿಕೆಟ್ ತೆಗೆದುಕೊಂಡು ಕೂರುವವರು ಯಾರೂ ಈ ಮಾತು ಆಡಿಲ್ಲ ಅನ್ನುವುದನ್ನು ಗಮನಿಸಿ.

ಇಪ್ಪತ್ತೆರಡು ವರ್ಷ ನಾನು ಹುಟ್ಟು ಹಾಕಿ ಜನರನ್ನು ಹೊಳೆ ದಾಟಿಸಿದೆ. ಅಷ್ಟು ವರ್ಷದಲ್ಲಿ ನನ್ನ ದೋಣಿ ಬಿಸಿಯಾಗಿದೆ ಎಂದು ಒಬ್ಬರೂ ಹೇಳಲಿಲ್ಲ. ಬಿಸಿಯಾಗುತ್ತಿದ್ದದ್ದು ನನ್ನ ತಲೆ ಒಂದೇ, ಅದಕ್ಕೆ ಎಲ್ಲರೂ ಹೊಂದಿಕೊಂಡಿದ್ದರು.

ಆಮೇಲೆ ಜಲಸಾರಿಗೆ ಕಚೇರಿಯಿಂದ ಒಂದು ಕಾಗದ ಬಂತು. ಇನ್ನು ಮುಂದೆ ಹೊಳೆ ದಾಟಿಸುವ ಕಡವಿನ ಪರವಾನಗಿ ಮೋಟಾರು ಇರುವ ದೋಣಿಗೆ ಮಾತ್ರ. ಮೊದಲು ಮೂರು ತಿಂಗಳಿಗೆ ತಾತ್ಕಾಲಿಕ, ಆಮೇಲೆ ಸಾಹೇಬರು ಬಂದು ದೋಣಿಯಲ್ಲಿ ಕೂತು ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಹತ್ತು ವರ್ಷ ಕಡವು ನನ್ನದು. ಫೇಲಾದರೆ, ಮೇಲಿನ ತಿರುವಿನಲ್ಲಿ ಜೋಡಿ ಎಂಜಿನ್ನಿನ ಲಾಂಚು ಇಟ್ಟುಕೊಂಡಿರುವವನದು. ಕಾಗದ ಬಂದ ವಾರದಲ್ಲೇ ಆ ಲಾಂಚಿನವನು ನನ್ನ ಕಡವಿಗೆ ಬಂದು ಮೆಟ್ಟಿಲು ಎಣಿಸಿಕೊಂಡು ಹೋದ. "ಸುಮ್ನೆ ನೋಡೋಕೆ ಬಂದೆ" ಅಂದ. ಸುಮ್ಮನೆ ನೋಡುವವರು ಬೆರಳು ಮಡಚಿ ಎಣಿಸುವುದಿಲ್ಲ.

ಮೋಟಾರು ತಂದು ದೋಣಿಯ ಹಿಂಬದಿಗೆ ಕೂರಿಸಿಕೊಟ್ಟವನು ಒಬ್ಬ ಮೆಕ್ಯಾನಿಕ್. ಅವನಿಗೆ ಮೂರು ಮಾತಿನವ ಎಂದು ಅಡ್ಡಹೆಸರು. ಯಾವ ವಿಷಯಕ್ಕೂ ಮೂರು ಮಾತಿಗಿಂತ ಹೆಚ್ಚು ಖರ್ಚು ಮಾಡುವವನಲ್ಲ. ಆದರೆ ಅವತ್ತು ಏನು ಹುಕಿ ಬಂದಿತ್ತೋ, ನಾಲ್ಕನೆಯದಕ್ಕೂ ಬಾಯಿ ತೆರೆದ.

"ಅಣ್ಣ, ಇದು ಕೆಳಗಿಂದ ಹೊಳೆ ನೀರನ್ನ ಎಳ್ಕೊಂಡು, ಒಳಗೆಲ್ಲಾ ಸುತ್ತಿಸಿ, ಬಿಸಿ ಇಳಿಸಿ ಹೊರಗೆ ಬಿಡುತ್ತೆ," ಅಂದ. "ಹಿಂದೆ ಸಣ್ಣ ತೂತಿದೆ ನೋಡಿ, ಅಲ್ಲಿಂದ ಧಾರೆ ಬರುತ್ತೆ. ಧಾರೆ ನಿಂತ್ರೆ ಮೋಟಾರ್ ನಿಲ್ಸಿ. ಆಮೇಲೆ..."

ಅಷ್ಟರಲ್ಲಿ ನಾನು ಹಗ್ಗ ಎಳೆದಿದ್ದೆ. ಮೋಟಾರು ಹೂಂಕರಿಸಿತು. ಅವನ ಬಾಯಿ ಇನ್ನೂ ಸ್ವಲ್ಪ ಹೊತ್ತು ಆಡುತ್ತಿತ್ತು, ಒಂದೆರಡು ಸಲ ಕೈಯನ್ನೂ ಆಡಿಸಿದ. ನಾನು ತಲೆಯಾಡಿಸಿದೆ. ಕೇಳಿಸದ ಮಾತಿಗೆ ತಲೆಯಾಡಿಸುವುದು ಮರ್ಯಾದೆ.

ನನ್ನ ಒಂದು ಗುಣ ಏನೆಂದರೆ, ಗೊತ್ತಿರುವುದನ್ನು ಮುಚ್ಚಿಟ್ಟುಕೊಳ್ಳುವವನಲ್ಲ. ಮರುದಿನದಿಂದಲೇ ಪ್ರತಿ ಟ್ರಿಪ್ಪಿನಲ್ಲೂ, ದೋಣಿ ದಡ ಬಿಟ್ಟ ಕೂಡಲೇ, ಒಂದು ಕೋಲು ಹಿಡಿದು ಎದ್ದು ನಿಂತು ಎಲ್ಲರಿಗೂ ತಿಳಿಸಿ ಹೇಳುತ್ತಿದ್ದೆ.

"ಎಲ್ರೂ ಹಿಂದೆ ತಿರುಗಿ ನೋಡಿ. ಆ ಧಾರೆ ಕಾಣುತ್ತಾ? ಅದು ಮೋಟಾರಿನ ನಾಡಿ. ಅದಿದ್ರೆ ಜೀವ ಇದೆ. ಅದು ನಿಂತ ತಕ್ಷಣ ಮೋಟಾರ್ ನಿಲ್ಸಬೇಕು. ಒಂದು ಸೆಕೆಂಡ್ ತಡ ಆದ್ರೂ ಒಳಗೆಲ್ಲಾ ಕರಗಿ ನೀರಾಗುತ್ತೆ."

ಮೆಕ್ಯಾನಿಕ್ ಹೇಳದೆ ಇದ್ದದ್ದನ್ನೂ ಸ್ವಲ್ಪ ಸೇರಿಸುತ್ತಿದ್ದೆ ಅನ್ನಿ. ಪಾಠ ಅಂದಮೇಲೆ ಬರೀ ಇದ್ದದ್ದನ್ನೇ ಹೇಳಿದರೆ ಯಾರೂ ಹೆದರುವುದಿಲ್ಲ.

ಹದಿನೈದು ದಿನ ಕಳೆಯುವಷ್ಟರಲ್ಲಿ ಈ ಊರಿನಲ್ಲಿ ಹೊಳೆ ನೋಡುವವರೇ ಇಲ್ಲವಾದರು. ದೋಣಿ ಹತ್ತಿದವರೆಲ್ಲ ಬೆನ್ನು ಮುಂದೆ ಮಾಡಿ, ಮುಖ ಹಿಂದೆ ಮಾಡಿ ಕೂರುತ್ತಿದ್ದರು. ಮೇಷ್ಟ್ರಂತೂ ಮೋಟಾರಿನ ಪಕ್ಕದ ಜಾಗವನ್ನು ಕಾಯಂ ಮಾಡಿಕೊಂಡರು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವರು, ರಿಟೈರಾದ ಮೇಲೆ ಗಮನ ಇಡಲು ಅವರಿಗೆ ಏನೂ ಸಿಕ್ಕಿರಲಿಲ್ಲ. ಒಂದು ನೋಟ್ ಪುಸ್ತಕ ತಂದರು. "ಸೋಮವಾರ, ಧಾರೆ ಸಾಧಾರಣ. ಮಂಗಳವಾರ, ಎಡಕ್ಕೆ ವಾಲಿದೆ" ಎಂದು ಬರೆದುಕೊಳ್ಳತೊಡಗಿದರು.

ಇನ್ನು ನನ್ನ ಭಾವಮೈದುನ. ಆಚೆ ದಡದ ಕ್ಲಿನಿಕ್ಕಿನಲ್ಲಿ ಅವನು ಕಾಂಪೌಂಡರು. ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಾರೆ, ಉಳಿದ ಐದು ದಿನ ಇವನೇ ಡಾಕ್ಟರು. ಅವನು ಧಾರೆಯನ್ನು ಒಂದು ವಾರ ತಲೆ ವಾರೆ ಮಾಡಿ ನೋಡಿ ಹೇಳಿದ:

"ಭಾವ, ಇದು ಬಿಟ್ಟು ಬಿಟ್ಟು ಬರ್ತಿದೆ. ವಯಸ್ಸಾದವರಿಗೆ ಹೀಗೇ ಆಗೋದು."

"ಮೋಟಾರಿಗೆ ಎರಡು ತಿಂಗಳು ಕಣಯ್ಯಾ."

"ಹಾಗಾದ್ರೆ ಕಲ್ಲಿರಬೇಕು."

ಇಷ್ಟೆಲ್ಲಾ ಆದರೂ ಧಾರೆ ಬರುತ್ತಿತ್ತು, ಮೋಟಾರು ಓಡುತ್ತಿತ್ತು. ಪರೀಕ್ಷೆಗೆ ಐದು ದಿನ ಇರುವಾಗ ನನಗೆ ಜ್ವರ ಬಂತು. ಮೂರು ದಿನ ದೋಣಿ ಕಟ್ಟಿಹಾಕಿದ್ದೆ. ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದು ಜನರನ್ನು ಕೂರಿಸಿಕೊಂಡು ಹೊರಟೆ. ಹೊಳೆಯ ಕಾಲುಭಾಗ ದಾಟಿಲ್ಲ, ಮೇಷ್ಟ್ರು ಎದ್ದು ನಿಂತರು.

"ನಿಲ್ಸಯ್ಯಾ. ಧಾರೆ ಇಲ್ಲ."

ಹನ್ನೊಂದು ಜನರೂ ಒಟ್ಟಿಗೆ ಎದ್ದರು. ದೋಣಿ ಒಂದು ಕಡೆಗೆ ಮಲಗಿತು. ಸೊಪ್ಪಿನ ಬುಟ್ಟಿಯವಳು ಬುಟ್ಟಿಯನ್ನು ತಲೆಯ ಮೇಲೆ ಇಟ್ಟುಕೊಂಡಳು, ಮೋಟಾರು ಸಿಡಿದರೆ ಸೊಪ್ಪು ತಡೆಯುತ್ತದೆ ಅನ್ನುವ ಹಾಗೆ. ನಾನು ಮೋಟಾರು ನಿಲ್ಲಿಸಿ, ಹುಟ್ಟು ಹಾಕಿಕೊಂಡು ವಾಪಸ್ ಬಂದೆ. ನಾಲ್ಕು ಜನ ಸೇರಿ ಮೋಟಾರನ್ನು ಬಿಚ್ಚಿ, ಮೈಮೇಲೆ ಒದ್ದೆ ಟವೆಲ್ ಹೊದಿಸಿ, ಮನೆಗೆ ಹೊತ್ತು ತಂದು ಅಂಗಳದಲ್ಲಿ ಮರದ ಸ್ಟ್ಯಾಂಡಿಗೆ ಸಿಕ್ಕಿಸಿದೆವು. ಹಿಂದೆ ಇಡೀ ದೋಣಿಯ ಜನ ಬಂದರು. ಕೆಲಸಕ್ಕೆ ಹೋಗುವವರು ಕೆಲಸಕ್ಕೆ ಹೋಗಲಿಲ್ಲ.

ನನ್ನ ಹೆಂಡತಿ ಬೀದಿ ಬದಿಯ ಕೋಣೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿದ್ದಾಳೆ. ಕಿಟಕಿಯಿಂದ ಗದ್ದಲ ನೋಡಿ ಹೊರಗೆ ಬಂದಳು. ಏನಾಯಿತೆಂದು ಯಾರನ್ನೂ ಕೇಳಲಿಲ್ಲ. ಟವೆಲ್ ಎತ್ತಿದಳು, ಬೆರಳನ್ನು ನಾಲಿಗೆಗೆ ತಾಗಿಸಿದಳು, ಇಸ್ತ್ರಿಪೆಟ್ಟಿಗೆ ನೋಡುವ ಹಾಗೆಯೇ ಮೋಟಾರಿನ ಮುಚ್ಚಳ ಎತ್ತಿ ಒಳಗೆ ಮುಟ್ಟಿದಳು. ಚುಂಯ್ ಎನ್ನಲಿಲ್ಲ.

"ಬಿಸಿಯೇ ಇಲ್ವಲ್ರೀ ಇದು. ಈ ಬಿಸೀಲಿ ಒಂದು ಕರ್ಚೀಫ್ ಕೂಡ ಇಸ್ತ್ರಿ ಆಗಲ್ಲ."

"ಇದು ನಿನ್ನ ಇಸ್ತ್ರಿಪೆಟ್ಟಿಗೆ ಅಲ್ಲ ಕಣೇ. ಮೋಟಾರು. ಇದಕ್ಕೆ ಬೇರೆ ಶಾಸ್ತ್ರ."

"ಬಿಸಿಗೆ ಎಷ್ಟು ಶಾಸ್ತ್ರ ಇರುತ್ತೆ?"

ಹನ್ನೊಂದು ಜನರ ಮುಂದೆ ಹೆಂಡತಿಯ ಹತ್ತಿರ ವಾದ ಮಾಡುವವನು ನಾನಲ್ಲ. ಮಾತಿನಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸರಿ ಎಂದು, ಅಂಗಳದಲ್ಲೇ ಹಗ್ಗ ಎಳೆದೆ. ಮೋಟಾರು ಶುರುವಾಯಿತು. ಎಂಥ ಸದ್ದು ಅಂತೀರಿ, ಪಕ್ಕದ ಮನೆಯ ಹೆಂಚಿನ ಮೇಲಿನ ಬೆಕ್ಕು ಎರಡು ದಿನ ಪತ್ತೆಯಿರಲಿಲ್ಲ. ಎಲ್ಲರೂ ಬಗ್ಗಿ ತೂತನ್ನೇ ನೋಡಿದೆವು.

"ಇಲ್ಲ," ಅಂದರು ಮೇಷ್ಟ್ರು.

"ಒಂದು ಹನಿ ಇಲ್ಲ," ಅಂದ ಭಾವಮೈದುನ. "ಪೂರ್ತಿ ಕಟ್ಕೊಂಡಿದೆ."

"ಇನ್ನೂ ಜೋರಾಗಿ ಕೊಡು, ಒತ್ತಡಕ್ಕೆ ಬಂದ್ರೂ ಬರಬಹುದು," ಅಂದರು ಮೇಷ್ಟ್ರು.

ನಾನು ಇನ್ನೂ ಜೋರು ಕೊಟ್ಟೆ. ಎರಡು ನಿಮಿಷ, ಮೂರು ನಿಮಿಷ. ನನ್ನ ಹೆಂಡತಿ ಕೈ ಕಟ್ಟಿಕೊಂಡು ನೋಡುತ್ತಿದ್ದವಳು ಕೊನೆಗೆ ನನ್ನ ಕಿವಿಯ ಹತ್ತಿರ ಬಂದು ಕೂಗಿದಳು.

"ರೀ, ಹೊಳೆ ಅಲ್ಲಿದೆ. ಮೋಟಾರ್ ಇಲ್ಲಿದೆ. ನೀರು ಎಲ್ಲಿಂದ ಬರಬೇಕು?"

ನಾನು ನಿಲ್ಲಿಸಿದೆ. ನೀರಿಲ್ಲದ ಅಂಗಳದಲ್ಲಿ ಮೋಟಾರಿನಿಂದ ನೀರು ಬರುತ್ತಿಲ್ಲ ಎಂದು ಹನ್ನೊಂದು ಜನ ಸಾಕ್ಷಿ ಹೇಳಿದ್ದರು, ಅದರಲ್ಲಿ ಒಬ್ಬರು ವಿಜ್ಞಾನದ ಮೇಷ್ಟ್ರು. ಅವರು ನೋಟ್ ಪುಸ್ತಕ ಮಡಚಿ, "ಪ್ರಯೋಗದಲ್ಲಿ ಇದೂ ಒಂದು ಹಂತ" ಅಂದರು. ಕೆಳಗಿನಿಂದ ಚಪ್ಪಲಿ ಸುಟ್ಟ ಹಾಗೆ ರಬ್ಬರಿನ ವಾಸನೆ ಬರುತ್ತಿತ್ತು. ಭಾವಮೈದುನ ಮೂಗರಳಿಸಿ, "ರೋಗ ಹೊರಗೆ ಬರ್ತಿದೆ, ಒಳ್ಳೇದು" ಅಂದ.

ಮಧ್ಯಾಹ್ನ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಅವನು ತಾಯಿಯ ಕಣ್ಣಿನ ಆಪರೇಷನ್ನಿಗೆಂದು ಪಟ್ಟಣದ ಆಸ್ಪತ್ರೆಯಲ್ಲಿದ್ದ. ನಾನು ಫೋನ್ ಹಿಡಿದು ನಿಂತದ್ದು ಇಸ್ತ್ರಿ ಕೋಣೆಯಲ್ಲಿ. ಹೆಂಡತಿ ಯಾರದೋ ಪ್ಯಾಂಟಿನ ಗೆರೆ ಕೂರಿಸುತ್ತಿದ್ದಳು.

"ನೀರಿಲ್ದೆ ಓಡಿಸಿಲ್ಲ ತಾನೆ?" ಎಂದು ಕೇಳಿದ ಅವನು.

ಹೆಂಡತಿಯ ಕೈ ನಿಂತಿತು.

"ಯಾಕೆ?" ಅಂದೆ.

"ಒಳಗೆ ಒಂದು ರಬ್ಬರ್ ಚಕ್ರ ಇದೆ. ನೀರು ಎಳೆಯೋದು ಅದೇ, ಅದಕ್ಕೆ ನೀರೇ ಎಣ್ಣೆ ಇದ್ದ ಹಾಗೆ. ನೀರಿಲ್ದೆ ಒಂದು ನಿಮಿಷ ಓಡಿಸಿದ್ರೂ ಸುಟ್ಟುಹೋಗುತ್ತೆ. ಓಡಿಸಿದ್ರೆ ಹೇಳಿ, ಹೊಸಾದು ಕಳಿಸ್ತೀನಿ."

ನೀವೇ ಹೇಳಿ. ಮೂರು ತಿಂಗಳು ಕೋಲು ಹಿಡಿದು ಇಡೀ ಊರಿಗೆ ಪಾಠ ಮಾಡಿದವನು, ಅಂಗಳದಲ್ಲಿ ಒಣಗಿದ ಮೋಟಾರು ಓಡಿಸಿದೆ ಎಂದು ಯಾವ ಬಾಯಲ್ಲಿ ಹೇಳಬೇಕು?

"ನಾನೇನು ಹುಚ್ಚನಾ," ಅಂದೆ.

"ಹಾಗಾದ್ರೆ ತೂತಿಗೆ ತೆಳ್ಳಗಿನ ತಂತಿ ಹಾಕಿ. ಮೂರು ದಿನ ನಿಂತಿತ್ತಲ್ಲ, ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತೆ."

ಫೋನ್ ಇಟ್ಟೆ. ಹೆಂಡತಿ ಪ್ಯಾಂಟಿನ ಕಡೆ ನೋಡುತ್ತಾ, "ಅವನು ಕೇಳಿದ್ದು ಹುಚ್ಚನಾ ಅಂತ ಅಲ್ಲ" ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ತಂತಿ ಹಾಕಿದರೆ ನಿಜವಾಗಿಯೂ ಚಿಟಿಕೆ ಮಣ್ಣು ಬಂತು, ಜೊತೆಗೆ ಎರಡು ಬಿಳಿ ಮರಿಹುಳ. ಅಂದರೆ ಮೋಟಾರಿಗೆ ಅವತ್ತು ಏನೂ ಆಗಿರಲಿಲ್ಲ. ಒಳಗೆ ನೀರು ಸರಿಯಾಗಿ ಓಡಾಡುತ್ತಲೇ ಇತ್ತು, ತೋರಿಸುವ ತೂತು ಮಾತ್ರ ಮುಚ್ಚಿತ್ತು. ನಾವು ಊರೆಲ್ಲ ಸೇರಿ ಗಟ್ಟಿಮುಟ್ಟಾದವನನ್ನು ಹೊತ್ತು ತಂದು, ಚಿಕಿತ್ಸೆ ಕೊಟ್ಟು, ಆಮೇಲೆ ಕಾಯಿಲೆ ಹಚ್ಚಿದ್ದೆವು. ಹುಳದ ಗೂಡನ್ನು ಒಂದು ಕಾಗದದ ಮೇಲೆ ಇಟ್ಟು ಬೀದಿಯಲ್ಲಿ ಎಲ್ಲರಿಗೂ ತೋರಿಸಿದೆ. "ಕಂಡುಹಿಡಿದೆ" ಅಂದೆ. ಮೇಷ್ಟ್ರು ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಮನೆಗೆ ತೆಗೆದುಕೊಂಡು ಹೋದರು.

ಸಂಜೆ ಮೋಟಾರನ್ನು ದೋಣಿಗೆ ಹಾಕಿ, ದಡದಲ್ಲೇ ನೀರಿನೊಳಗೆ ಇಳಿಸಿ ಶುರುಮಾಡಿದೆ. ಈಗ ಹೊಳೆ ಇತ್ತು, ತೂತು ಇತ್ತು, ಧಾರೆ ಇರಲಿಲ್ಲ. ರಬ್ಬರ್ ಚಕ್ರ ಇಲ್ಲದ ಮೇಲೆ ನೀರು ಎಳೆಯುವವರು ಯಾರು?

ಪರೀಕ್ಷೆಗೆ ಎರಡು ದಿನ ಇತ್ತು. ಮತ್ತೆ ಫೋನ್ ಮಾಡಿ "ಹೌದಪ್ಪಾ, ನಾನು ಹುಚ್ಚನೇ" ಅಂದಿದ್ದರೆ ಮರುದಿನದ ಬಸ್ಸಿಗೆ ಚಕ್ರ ಬರುತ್ತಿತ್ತು. ಹೆಂಡತಿಯೂ ಅದನ್ನೇ ಹೇಳಿದಳು. ಆದರೆ ಅವಳು ಹೇಳಿದ ಧಾಟಿ ಸರಿಯಿರಲಿಲ್ಲ. ಆಗ ನನ್ನ ಭಾವಮೈದುನ ದೋಣಿಯ ಅಂಚಿನಲ್ಲಿ ಕೂತು ಕಾಲಾಡಿಸುತ್ತಾ ಒಂದು ಮಾತು ಹೇಳಿದ.

"ಭಾವ, ಸಾಹೇಬರು ಏನು ನೋಡ್ತಾರೆ?"

"ಧಾರೆ ನೋಡ್ತಾರೆ. ಫಾರಂನಲ್ಲಿ ಅದಕ್ಕೇ ಒಂದು ಕಾಲಂ ಇದೆಯಂತೆ."

"ಧಾರೆ ಬೇಕಲ್ವಾ? ಮೋಟಾರಿಂದಾನೇ ಬರಬೇಕು ಅಂತ ಬರೆದಿದೆಯಾ?"

ಮರುದಿನ ಅವನು ಕ್ಲಿನಿಕ್ಕಿನಿಂದ ಒಂದು ಕೆಂಪು ರಬ್ಬರ್ ಟ್ಯೂಬು ತಂದ. ಎನಿಮಾ ಕೊಡುವ ಟ್ಯೂಬು, ತುದಿಯಲ್ಲಿ ಒತ್ತಿದರೆ ನಿಲ್ಲುವ, ಬಿಟ್ಟರೆ ಹರಿಯುವ ಕ್ಲಿಪ್ಪು. "ಬಿಸಿನೀರಲ್ಲಿ ಕುದಿಸಿದ್ದೀನಿ, ಸೋಂಕಿಲ್ಲ," ಅಂದ. ಮೋಟಾರಿಗೆ ಸೋಂಕು ತಗಲುವ ಭಯ ಅವನಿಗೆ. ಲೈಫ್ ಜಾಕೆಟ್ ಇಡುವ ಪೆಟ್ಟಿಗೆಯ ಮೇಲೆ ಇಪ್ಪತ್ತು ಲೀಟರಿನ ನೀರಿನ ಕ್ಯಾನು ಇಟ್ಟು, ಮೇಲೆ ಗೋಣಿಚೀಲ ಹೊದಿಸಿ, ಟ್ಯೂಬನ್ನು ಮೋಟಾರಿನ ಬೆನ್ನ ಹಿಂದೆ ಕಪ್ಪು ಟೇಪಿನಲ್ಲಿ ಅಂಟಿಸಿದೆವು. ಕ್ಲಿಪ್ಪು ಬಿಟ್ಟರೆ ತೂತಿನ ಜಾಗದಿಂದಲೇ ಧಾರೆ. ಸುಳ್ಳು ಯಾಕೆ ಹೇಳಲಿ, ನಿಜವಾದ ಧಾರೆಗಿಂತ ಚೆನ್ನಾಗಿತ್ತು.

"ಮೋಟಾರ್ ಬಿಸಿಯಾದ್ರೆ?" ಎಂದು ಕೇಳಿದಳು ಹೆಂಡತಿ.

"ಹನ್ನೆರಡು ನಿಮಿಷದ ದಾರಿ ಅಕ್ಕ," ಅಂದ ಅವಳ ತಮ್ಮ. "ಹನ್ನೆರಡು ನಿಮಿಷ ಯಾರು ಬೇಕಾದ್ರೂ ತಡ್ಕೋತಾರೆ."

"ಮುಟ್ಟಿಯಾದ್ರೂ ನೋಡ್ತಾ ಇರ್ರೀ," ಎಂದು ನನಗೆ ಹೇಳಿ ಅವಳು ಒಳಗೆ ಹೋದಳು.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಸಾಹೇಬರು ಬಂದರು. ಕಂಕುಳಲ್ಲಿ ರೆಕ್ಸಿನ್ ಚೀಲ, ಕಿಸೆಯಲ್ಲಿ ಎರಡು ಪೆನ್ನು. ದೋಣಿ ನೋಡಿದ ಕೂಡಲೇ ಅವರ ಮುಖ ಬಿಳಿಚಿಕೊಂಡಿತು. ಹನ್ನೆರಡು ವರ್ಷದಿಂದ ದೋಣಿ ಪರೀಕ್ಷೆ ಮಾಡುತ್ತಿರುವ ಆ ಮನುಷ್ಯನಿಗೆ ನೀರು ಕಂಡರೆ ಆಗದು. ಒಂದರ ಮೇಲೊಂದು ಎರಡು ಲೈಫ್ ಜಾಕೆಟ್ ಹಾಕಿಕೊಂಡು, ದೋಣಿಯ ನಟ್ಟನಡುವೆ ಎರಡೂ ಕೈಯಿಂದ ಹಲಗೆ ಹಿಡಿದು ಕೂತರು.

"ಫಾರಂ ಇಲ್ಲೇ ತುಂಬಿಬಿಡೋಣವಾ ಸಾರ್?" ಅಂದೆ.

"ಆಗಲ್ಲ. ಚಲಿಸೋ ದೋಣೀಲಿ ಕೂತೇ ಸಹಿ ಮಾಡಬೇಕು ಅಂತ ನಿಯಮ. ಬೇಗ ಹೊರಡು, ಬೇಗ ಮುಗೀಲಿ."

ಮೇಷ್ಟ್ರೂ ಬೆಳಗಿನ ಟ್ರಿಪ್ಪಿನವರೂ ಆಗಲೇ ಹತ್ತಿ ಕೂತಿದ್ದರು. ಲಾಂಚಿನವನು ಮೆಟ್ಟಿಲ ಮೇಲೆ ನಿಂತಿದ್ದ. ಸುಮ್ಮನೆ ನೋಡಲು ಬಂದಿದ್ದನಂತೆ. ನಾನು ಹಗ್ಗ ಎಳೆದೆ, ಭಾವಮೈದುನ ಕ್ಲಿಪ್ಪು ಬಿಟ್ಟ. ಧಾರೆ ಕಮಾನಿನ ಹಾಗೆ ಬಾಗಿ ಹೊಳೆಗೆ ಬಿತ್ತು.

ಸಾಹೇಬರು ಕತ್ತು ಮಾತ್ರ ತಿರುಗಿಸಿ ನೋಡಿದರು. "ಧಾರೆ ಯಾವಾಗಲೂ ಹೀಗೇ ಬರುತ್ತಾ?"

ಮೇಷ್ಟ್ರು ನೋಟ್ ಪುಸ್ತಕ ತೆರೆದರು. "ಮೂರು ತಿಂಗಳಿಂದ ದಿನಾ ನೋಡ್ತಿದ್ದೀನಿ ಸ್ವಾಮಿ. ಇಷ್ಟು ನಿರ್ಮಲವಾದ ಧಾರೆ ಇದೇ ಮೊದಲು. ಕಸ ಇಲ್ಲ, ಕೆಸರಿಲ್ಲ. ಹೊಳೆ ನೀರು ಅಂತ ಹೇಳೋಕೇ ಆಗಲ್ಲ."

ಅದು ನಮ್ಮ ಮನೆಯ ನಲ್ಲಿ ನೀರು. ಮೇಷ್ಟ್ರಿಗೆ ನಾವು ಏನೂ ಹೇಳಿರಲಿಲ್ಲ. ಅವರು ನಂಬಿದ್ದೇ ನಮ್ಮ ಬಲ.

ಸಾಹೇಬರು ಟಿಕ್ ಹಾಕಿದರು. ದೋಣಿ ನಡುಹೊಳೆಗೆ ಬರುತ್ತಿತ್ತು. ಆಗ ಅವರಿಗೆ ನನ್ನ ಭಾವಮೈದುನ ಕ್ಲಿನಿಕ್ಕಿನವನು ಎಂದು ಗೊತ್ತಾಯಿತು. ಗೊತ್ತು ಮಾಡಿಸಿದವನು ಅವನೇ.

"ಹೌದಾ? ಹಾಗಾದ್ರೆ ಇಲ್ಲಿ ಮುಂದೆ ಬನ್ನಿ," ಅಂದರು. "ನನಗೆ ಹೊಳೆ ಮಧ್ಯೆ ಬಂದ ತಕ್ಷಣ ಎದೇಲಿ ಏನೋ ಹಿಡ್ಕೊಳ್ಳುತ್ತೆ."

"ಗ್ಯಾಸ್ ಸಾರ್," ಎನ್ನುತ್ತಾ ಅವನು ಎದ್ದು ಮುಂದೆ ಹೋದ. ಕ್ಲಿಪ್ಪಿನ ಹತ್ತಿರ ಯಾರೂ ಉಳಿಯಲಿಲ್ಲ. ನಾನು ಕಣ್ಣಲ್ಲಿ ಸನ್ನೆ ಮಾಡಿದೆ. ಅವನು ಸಾಹೇಬರ ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದ. ಅವನ ಜೀವಮಾನದಲ್ಲಿ ಅಷ್ಟು ದೊಡ್ಡ ರೋಗಿ ಸಿಕ್ಕಿರಲಿಲ್ಲ.

ಆಗ ಮೋಟಾರಿನ ಒಳಗಿನಿಂದ ಒಂದು ಸದ್ದು ಶುರುವಾಯಿತು. ಕೀ ಎಂದು ಒಂದೇ ಸಮ, ನಿಲ್ಲದ ಸದ್ದು. ಅಂಥ ಸದ್ದನ್ನು ನಾನೂ ಅವತ್ತೇ ಮೊದಲು ಕೇಳಿದ್ದು.

"ಏನದು?" ಅಂದರು ಸಾಹೇಬರು.

"ಹಾರ್ನ್ ಸಾರ್," ಅಂದೆ.

"ನೀನು ಒತ್ತಲೇ ಇಲ್ವಲ್ಲ."

"ಆಳದ ಜಾಗ ಬಂದ್ರೆ ತಾನಾಗೇ ಹೊಡ್ಕೊಳ್ಳುತ್ತೆ ಸಾರ್."

ಆಳದ ಜಾಗ ಎಂದು ಕೇಳಿ ಸಾಹೇಬರು ಹಲಗೆಯನ್ನು ಇನ್ನೂ ಬಿಗಿಯಾಗಿ ಹಿಡಿದರು. ಆಮೇಲೆ ಒಂದು ಕೈ ಬಿಡಿಸಿಕೊಂಡು, ಹನ್ನೊಂದನೆಯ ಕಾಲಂನಲ್ಲಿ "ಎಚ್ಚರಿಕೆಯ ಹಾರ್ನ್: ಇದೆ, ಸ್ವಯಂಚಾಲಿತ" ಎಂದು ಬರೆದರು. ಬರೆದು, ಅದೇ ಕೈಯಲ್ಲಿ ಕಾರ್ಬನ್ ಇಟ್ಟ ಮೂರು ಪ್ರತಿಗೂ ಒತ್ತಿ ಸಹಿ ಹಾಕಿದರು. ಕಡವು ನನ್ನದಾಯಿತು. ಹತ್ತು ವರ್ಷ.

ಸಹಿಯ ಕೊನೆಯ ಗೆರೆ ಎಳೆಯುವುದಕ್ಕೂ ಬಣ್ಣ ಸುಟ್ಟ ವಾಸನೆ ಬರುವುದಕ್ಕೂ ಸರಿಹೋಯಿತು. ಮೋಟಾರು ಎರಡು ಸಲ ಕೆಮ್ಮಿತು, ಒಮ್ಮೆ ಮೈ ಕೊಡವಿತು, ಕಟಕ್ ಎಂದು ನಿಂತಿತು. ಮತ್ತೆ ಹಗ್ಗ ಎಳೆದರೆ ಹಗ್ಗ ಬರಲಿಲ್ಲ, ಒಳಗಿನಿಂದ ಯಾರೋ ಹಿಡಿದುಕೊಂಡ ಹಾಗೆ. ಮುಚ್ಚಳ ತೆಗೆದೆ. ಆಗ ನೆನಪಾಗಬಾರದ ಹೊತ್ತಿನಲ್ಲಿ ಹೆಂಡತಿಯ ಮಾತು ನೆನಪಾಗಿ, ಮುಟ್ಟಿ ನೋಡಿದೆ.

ಚುಂಯ್ ಎಂದಿತು. ಎರಡು ಬೆರಳು ಅಲ್ಲೇ ಬೊಬ್ಬೆ ಎದ್ದವು.

ಮೋಟಾರು ಇಲ್ಲದ ಹೊಳೆ ಎಷ್ಟು ನಿಶ್ಶಬ್ದ ಎನ್ನುವುದು ನನಗೆ ಮೂರು ತಿಂಗಳಲ್ಲಿ ಮರೆತೇ ಹೋಗಿತ್ತು. ಆ ನಿಶ್ಶಬ್ದದಲ್ಲಿ ಒಂದೇ ಸದ್ದು ಕೇಳುತ್ತಿತ್ತು. ಸೊರ್ ಎಂದು ನೀರು ಬೀಳುವ ಸದ್ದು.

ಎಲ್ಲರೂ ಹಿಂದೆ ತಿರುಗಿದರು. ಮೋಟಾರು ಸತ್ತು ಹೊಗೆಯಾಡುತ್ತಿತ್ತು. ಧಾರೆ ಮಾತ್ರ ಕಮಾನಿನ ಹಾಗೆ ಬಾಗಿ, ಬಿಸಿಲಿಗೆ ಹೊಳೆಯುತ್ತಾ, ಆರಾಮವಾಗಿ ಹರಿಯುತ್ತಿತ್ತು. ಕ್ಯಾನಿನಲ್ಲಿ ಇನ್ನೂ ಅರ್ಧ ನೀರಿತ್ತು.

"ಮೋಟಾರ್ ನಿಂತಿದೆ," ಎಂದು ಮೇಷ್ಟ್ರು ನಿಧಾನವಾಗಿ ಹೇಳಿದರು. "ಧಾರೆ ನಿಂತಿಲ್ಲ."

ಭಾವಮೈದುನ ಸಾಹೇಬರ ಮಣಿಕಟ್ಟನ್ನು ಮೆಲ್ಲಗೆ ಅವರ ತೊಡೆಯ ಮೇಲೆ ಇಟ್ಟ.

ಸಾಹೇಬರು ಎದ್ದರು. ನಡುಹೊಳೆಯಲ್ಲಿ ಆ ಮನುಷ್ಯ ಎದ್ದು ನಿಂತದ್ದು ಅವರ ಸರ್ವಿಸ್ಸಿನಲ್ಲೇ ಅದು ಮೊದಲ ಸಲ ಇರಬೇಕು. ಒಬ್ಬೊಬ್ಬರ ಹೆಗಲು ಹಿಡಿದುಕೊಂಡು ಹಿಂದೆ ಬಂದರು. ಗೋಣಿಚೀಲ ಎತ್ತಿದರು. ಕ್ಯಾನು ನೋಡಿದರು. ಕೆಂಪು ಟ್ಯೂಬು ನೋಡಿದರು. ಅದು ಯಾವುದಕ್ಕೆ ಬಳಸುವ ಟ್ಯೂಬು ಎಂದು ಅವರಿಗೆ ಗೊತ್ತಿತ್ತು ಅನ್ನಿಸುತ್ತದೆ, ಯಾಕೆಂದರೆ ಮುಟ್ಟಲು ಹೋದ ಕೈಯನ್ನು ಹಿಂದಕ್ಕೆ ತೆಗೆದರು. ಗೋಣಿಚೀಲವನ್ನು ಮೊದಲಿದ್ದ ಹಾಗೆಯೇ ಮುಚ್ಚಿದರು. ಆಮೇಲೆ ಮೂರು ಪ್ರತಿಯ ಫಾರಂ ನೋಡಿದರು, ತಮ್ಮ ಸಹಿ ನೋಡಿದರು.

"ಇದೇನು?" ಎಂದು ನನ್ನನ್ನು ಕೇಳಿದರು.

ನನ್ನ ಇಪ್ಪತ್ತೆರಡು ವರ್ಷ, ಮೆಟ್ಟಿಲು, ಎಲ್ಲ ಕಣ್ಣ ಮುಂದೆ ಲಾಂಚಿಗೆ ಕಟ್ಟಿದ ಹಾಗೆ ಕಂಡಿತು. ಉತ್ತರ ಹೇಳಿದವರು ಮೇಷ್ಟ್ರು. ನಿರ್ಮಲವಾದ ಧಾರೆ ಎಂದು ಸರ್ಕಾರದ ಮುಂದೆ ಸಾಕ್ಷಿ ಹೇಳಿದ್ದರಲ್ಲ, ಈಗ ಅವರ ಮೂವತ್ತು ವರ್ಷದ ವಿಜ್ಞಾನವೂ ಅದೇ ಕ್ಯಾನಿನಲ್ಲಿತ್ತು.

"ಸ್ವಾಮಿ, ಮೋಟಾರ್ ನಿಂತ್ರೂ ಒಳಗೆ ಬಿಸಿ ಇರುತ್ತಲ್ವಾ? ಬಿಸಿ ಇರೋವರೆಗೂ ಧಾರೆ ಇರಬೇಕಾದದ್ದು ನ್ಯಾಯ. ಬೇರೆ ದೋಣಿಗಳಲ್ಲಿ ಆ ವ್ಯವಸ್ಥೆ ಇಲ್ಲ. ಇದರಲ್ಲಿ ಇದೆ."

ಸಾಹೇಬರು ಬಹಳ ಹೊತ್ತು ಮೇಷ್ಟ್ರನ್ನೇ ನೋಡಿದರು. ಅವರ ಮುಖಕ್ಕೆ ಸ್ವಲ್ಪ ಸ್ವಲ್ಪವಾಗಿ ಬಣ್ಣ ಬಂತು.

"ಸಹಿ ಆದಮೇಲೆ ಬದಲಾಯಿಸೋಕೆ ಬರಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. "ಸೇರಿಸೋಕೆ ಬರುತ್ತೆ." ಹದಿನಾಲ್ಕನೆಯ ಕಾಲಂ ಖಾಲಿ ಇತ್ತು. ವಿಶೇಷ ವ್ಯವಸ್ಥೆ ಏನಾದರೂ ಇದ್ದರೆ ಬರೆಯುವ ಜಾಗ. ಅಲ್ಲಿ ಅವರು ಮೂರು ಸಾಲು ಬರೆದರು. ಆಮೇಲೆ ವಾಪಸ್ ನಡುವೆ ಹೋಗಿ ಕೂತು, "ಈಗ ದಡಕ್ಕೆ ಹೋಗೋದು ಹೇಗೆ?" ಅಂದರು.

ನಾನು ಹುಟ್ಟು ತೆಗೆದೆ. ಬೆರಳ ಬೊಬ್ಬೆ ಒಡೆದು ಉರಿಯುತ್ತಿತ್ತು. ಆದರೂ ಹೇಳುತ್ತೇನೆ, ಅಷ್ಟು ನೆಟ್ಟಗೆ, ಒಂದು ಹನಿ ಹಾರಿಸದೆ ನಾನು ಯಾವತ್ತೂ ದೋಣಿ ನಡೆಸಿರಲಿಲ್ಲ. ಸಾಹೇಬರು ಅರ್ಧ ದಾರಿಯಲ್ಲಿ ಹಲಗೆಯಿಂದ ಕೈ ಬಿಟ್ಟರು. "ಇದೇ ಚೆನ್ನಾಗಿದೆಯಲ್ಲಯ್ಯಾ," ಅಂದರು. ಆದರೆ ಅದಕ್ಕೆ ಫಾರಂನಲ್ಲಿ ಕಾಲಂ ಇರಲಿಲ್ಲ.

ನಾಲ್ಕು ದಿನ ಕಳೆದು ಮೆಕ್ಯಾನಿಕ್ ಬಂದ. ಮೋಟಾರಿನ ಕೆಳಭಾಗ ಬಿಚ್ಚಿ ರಬ್ಬರ್ ಚಕ್ರ ತೆಗೆದು ನನ್ನ ಅಂಗೈ ಮೇಲೆ ಇಟ್ಟ. ಸುತ್ತ ಆರು ರೆಕ್ಕೆ ಇರಬೇಕಾದ ಕಡೆ ಒಂದೂ ಇರಲಿಲ್ಲ, ಬೋಳು ಬಿಲ್ಲೆ. ಮೇಲ್ಭಾಗದಲ್ಲಿ ಗ್ಯಾಸ್ಕೆಟ್ ಸುಟ್ಟಿತ್ತು, ಪಿಸ್ಟನ್ನಿನ ಮೇಲೆ ಗೀರು ಬಿದ್ದಿತ್ತು. ಬ್ಯಾಂಡೇಜು ಕಟ್ಟಿದ ನನ್ನ ಬೆರಳು ನೋಡಿದ.

"ಅವತ್ತು ಹೇಳಿದ್ನಲ್ಲ ಅಣ್ಣ," ಅಂದ.

"ಏನು ಹೇಳಿದ್ದೆ?"

"ಧಾರೆ ನಿಂತ್ರೆ ಮೋಟಾರ್ ನಿಲ್ಸಿ, ಆಮೇಲೆ ಮುಟ್ಟಿ ನೋಡಿ. ತಣ್ಣಗಿದ್ರೆ ತೂತು ಕಟ್ಟಿದೆ, ಬಿಸಿ ಇದ್ರೆ ಚಕ್ರ ಹೋಗಿದೆ. ಕೀ ಅಂತ ಸದ್ದು ಬಂದ್ರೆ ದೇವರು ಬಂದ್ರೂ ಮುಂದೆ ಹೋಗಬೇಡಿ."

ಒಳಗೆ ಇಸ್ತ್ರಿ ಕೋಣೆಯಲ್ಲಿ ಹೆಂಡತಿ ಇಸ್ತ್ರಿಪೆಟ್ಟಿಗೆಗೆ ಬೆರಳು ತಾಗಿಸಿದಳು. ಚುಂಯ್ ಎನ್ನುವುದು ಅಂಗಳದವರೆಗೂ ಕೇಳಿಸಿತು. ಬೇಕೆಂದೇ ಮಾಡಿದ್ದು.

ಪರವಾನಗಿ ಟಪಾಲಿನಲ್ಲಿ ಬಂತು. ಮೂರು ವಾರದ ಮೇಲೆ ಕಚೇರಿಯಿಂದ ಎಲ್ಲ ಮೋಟಾರು ದೋಣಿಗಳಿಗೂ ಸುತ್ತೋಲೆ ಬಂತು. ಒಂದು ದೋಣಿಯಲ್ಲಿ ಮೋಟಾರು ನಿಂತ ಮೇಲೂ ಧಾರೆ ನಿಲ್ಲದ ಹೆಚ್ಚುವರಿ ವ್ಯವಸ್ಥೆ ಕಂಡುಬಂದಿರುತ್ತದೆ. ಪ್ರಯಾಣಿಕರ ಸುರಕ್ಷತೆಯ ದೃಷ್ಟಿಯಿಂದ ಇನ್ನು ಮುಂದೆ ಪ್ರತಿ ಮೋಟಾರಿಗೂ ಇಪ್ಪತ್ತು ಲೀಟರಿನ ಒಂದು ಕ್ಯಾನು, ಟ್ಯೂಬು ಸಹಿತ, ಕಡ್ಡಾಯ. ಲಾಂಚಿನವನಿಗೆ ಜೋಡಿ ಎಂಜಿನ್ನು, ಆದ್ದರಿಂದ ಎರಡು ಕ್ಯಾನು. ಅವನು ನನ್ನ ಕಡವಿಗೆ ಬಂದು ಬೈದದ್ದನ್ನು ಇಲ್ಲಿ ಬರೆಯಲಾಗದು. ಈ ಸಲ ಅವನು ಮೆಟ್ಟಿಲು ಎಣಿಸಲಿಲ್ಲ.

ಈಗ ನನ್ನ ಮೋಟಾರಿಗೆ ಹೊಸ ಚಕ್ರ ಇದೆ, ಹೊಸ ಪಿಸ್ಟನ್ ಇದೆ. ತೂತಿಗೆ ದಿನಾ ಬೆಳಿಗ್ಗೆ ತಂತಿ ಹಾಕುತ್ತೇನೆ. ನಿಜವಾದ ಧಾರೆ ಎಡಕ್ಕೆ, ಕ್ಯಾನಿನ ಧಾರೆ ಬಲಕ್ಕೆ, ಎರಡೂ ಬರುತ್ತವೆ. ಜನ ನೋಡುವುದು ಬಲಗಡೆಯದನ್ನು ಮಾತ್ರ. ಅದೇ ನಿರ್ಮಲವಾಗಿರುವುದು.

ಕಳೆದ ಸೋಮವಾರ ಕ್ಯಾನು ತುಂಬಿಸುವುದು ಮರೆತೆ. ನಡುಹೊಳೆಯಲ್ಲಿ ಬಲಗಡೆಯ ಧಾರೆ ಸಣ್ಣಗಾಗಿ, ತೊಟ್ಟಿಕ್ಕಿ, ನಿಂತಿತು. ಹದಿಮೂರು ಜನ ಎದ್ದು ನಿಂತರು. ಸೊಪ್ಪಿನ ಬುಟ್ಟಿಯವಳು ಬುಟ್ಟಿ ತಲೆಗೇರಿಸಿದಳು.

"ನಿಲ್ಸಯ್ಯಾ," ಅಂದರು ಮೇಷ್ಟ್ರು.

"ಮೇಷ್ಟ್ರೇ, ಅದು ಖಾಲಿ ಕ್ಯಾನು. ಈ ಕಡೆ ನೋಡಿ, ನಿಜವಾದ ಧಾರೆ ಬರ್ತಿದೆ. ಮೋಟಾರ್ ತಣ್ಣಗಿದೆ. ಬೇಕಾದ್ರೆ ನೀವೇ ಮುಟ್ಟಿ ನೋಡಿ."

ಯಾರೂ ಕೈ ಚಾಚಲಿಲ್ಲ. ಮೇಷ್ಟ್ರು ನೋಟ್ ಪುಸ್ತಕದ ಮೊದಲ ಹಾಳೆ ತೆಗೆದು ನನ್ನ ಮುಖಕ್ಕೆ ಹಿಡಿದರು. ಅವರದೇ ಗುಂಡಗಿನ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು ಬರೆದಿತ್ತು: ಧಾರೆ ನಿಂತ ತಕ್ಷಣ ಮೋಟಾರು ನಿಲ್ಲಿಸಬೇಕು. ಒಂದು ಸೆಕೆಂಡ್ ತಡವಾಗಬಾರದು.

"ಇದನ್ನ ನಮಗೆ ಹೇಳಿಕೊಟ್ಟಿದ್ದು ಯಾರಯ್ಯಾ?" ಅಂದರು.

ತಣ್ಣಗೆ ಓಡುತ್ತಿದ್ದ ಮೋಟಾರನ್ನು ನಿಲ್ಲಿಸಿ, ನಾನು ಹುಟ್ಟು ತೆಗೆದುಕೊಂಡೆ.